ಕಣ್ಣಿಗೆ ಪುಟ, ಬೆರಳಿಗೆ ನೂಲು: ಹಳ್ಳಿಯ ಬೇಸಿಗೆಯಲ್ಲಿ ಹೆಣೆಯುತ್ತ ಓದುವ ಬಗೆ

ಬೇಸಿಗೆಗೆಂದು ಹಳ್ಳಿಮನೆಗೆ ಹೋದವರಿಗೆ ಮಧ್ಯಾಹ್ನದ ಹೊತ್ತು ಧಾರಾಳವಾಗಿ ಸಿಗುತ್ತದೆ. ಬಿಸಿಲಿಗೆ ಹೊರಗೆ ಹೋಗುವಂತಿಲ್ಲ, ಸಂಜೆಯವರೆಗೆ ಕರೆಯುವವರಿಲ್ಲ. ಚೀಲದಲ್ಲಿ ಅರ್ಧ ಓದಿದ ಕಾದಂಬರಿ ಇರುತ್ತದೆ, ಅದರ ಮಗ್ಗುಲಲ್ಲೇ ಅರ್ಧ ಹೆಣೆದ ಶಾಲು. ಪುಸ್ತಕ ತೆರೆದರೆ ಕೈ ನೂಲಿಗೆ ತುಡಿಯುತ್ತದೆ. ಕಡ್ಡಿ ಹಿಡಿದರೆ ಕಥೆಯಲ್ಲಿ ಮುಂದೇನಾಯಿತೋ ಎಂದು ಮನಸ್ಸು ಕೊರೆಯುತ್ತದೆ. ಎರಡರಲ್ಲಿ ಒಂದನ್ನು ಬಿಡಲು ನನಗೆ ಎಂದೂ ಮನಸ್ಸು ಬಂದಿಲ್ಲ. ಹಲವು ಬೇಸಿಗೆಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಹೆಣಿಗೆಯ ಮೊದಲ ಪಾಠವಲ್ಲ. ಕಡ್ಡಿಗೆ ಕುಣಿಕೆ ಏರಿಸಲು, ಸೀದಾ ಹೆಣೆಯಲು, ಕೊನೆಯಲ್ಲಿ ಕುಣಿಕೆಗಳನ್ನು ಮುಚ್ಚಲು ನಿಮಗೆ ಬಂದರೆ ಸಾಕು.

ನೋಡದೆ ಹೆಣೆಯುವುದು ಅಸಾಧ್ಯ ಎಂದು ಹೆದರುವವರಿಗೆ ಎರಡು ಚಿತ್ರಗಳನ್ನು ನೆನಪಿಸುತ್ತೇನೆ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಷೆಟ್ಲೆಂಡ್ ದ್ವೀಪಗಳ ಹೆಂಗಸರು ಉರುವಲಿನ ಬುಟ್ಟಿ ಬೆನ್ನಿಗೇರಿಸಿಕೊಂಡು, ಏರುತಗ್ಗಿನ ದಾರಿಯಲ್ಲಿ ನಡೆಯುತ್ತಲೇ ಹೆಣೆಯುತ್ತಿದ್ದರು. ಅದೇ ಕಾಲದಲ್ಲಿ ಫ್ರಾನ್ಸಿನ ಲಾಂಡ್ ಪ್ರದೇಶದ ಕುರುಬರು ಎತ್ತರದ ಮರಗಾಲುಗಳ ಮೇಲೆ ನಿಂತು ಮಂದೆ ಕಾಯುತ್ತಿದ್ದರು, ಕಣ್ಣು ಕುರಿಗಳ ಮೇಲೆ, ಕೈ ಹೆಣಿಗೆಯ ಮೇಲೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತ ನಮಗೆ ಅದಕ್ಕಿಂತ ಹೆಚ್ಚಿನ ಅನುಕೂಲ ಇದೆ.

ಮೊದಲು ನೂಲು

ಬೇಸಿಗೆಗೆ ನನ್ನ ಆಯ್ಕೆ ಹತ್ತಿ, ಅಥವಾ ಹತ್ತಿಯೂ ಲಿನನ್ನೂ ಬೆರೆತ ನೂಲು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದರಷ್ಟು ತೇವವನ್ನು ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಅದು ಉಣ್ಣೆಯ ದೊಡ್ಡ ಗುಣ. ಆದರೆ ಬೆಳೆಯುತ್ತಿರುವ ಉಣ್ಣೆಯ ಕಂಬಳಿ ಸೆಕೆಯ ಮಧ್ಯಾಹ್ನದಲ್ಲಿ ತೊಡೆಯ ಮೇಲೆ ಬಿದ್ದಿದ್ದರೆ ಎಂಥ ಒಳ್ಳೆಯ ಪುಸ್ತಕವೂ ರುಚಿಸುವುದಿಲ್ಲ. ಉಣ್ಣೆಯೇ ಬೇಕು ಎನ್ನುವವರು ಕಾಲುಚೀಲದಂಥ ಸಣ್ಣದನ್ನು ಹಿಡಿಯಲಿ.

ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗುವ ಗುಣವಿಲ್ಲ. ಹಾಗಾಗಿ ಬಹಳ ಹೊತ್ತು ಹೆಣೆದರೆ ಬೆರಳಿಗೆ ಬೇಗ ದಣಿವಾಗುತ್ತದೆ. ಲಿನನ್ ಮೊದಮೊದಲು ಬಿರುಸಾಗಿದ್ದು, ಒಗೆದಂತೆಲ್ಲ ಮೆದುವಾಗುತ್ತ ಹೋಗುತ್ತದೆ. ಎರಡೂ ಒದ್ದೆಯಾದಾಗ ಇನ್ನಷ್ಟು ಗಟ್ಟಿ, ಆದ್ದರಿಂದ ಬೆವರು ಕೈಗೆ ಅಂಜುವುದಿಲ್ಲ.

ನೂಲು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಹುರಿ ನೋಡಿ. ಒಂದೆಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಚ್ಚುವ ದಿಕ್ಕಿಗೆ ಹೊರಳಿಸಿ. ತಕ್ಷಣ ಎಳೆ ಎಳೆಯಾಗಿ ಬಿಡಿಸಿಕೊಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ. ನೋಡದೆ ಹೆಣೆಯುವಾಗ ಕಡ್ಡಿಯ ಮೊನೆ ಕುಣಿಕೆಯೊಳಗೆ ಹೋಗುವ ಬದಲು ನೂಲನ್ನೇ ಸೀಳಿಕೊಂಡು ಹೋಗುತ್ತದೆ, ಅದು ಗೊತ್ತಾಗುವುದು ಹತ್ತು ಸಾಲು ಮುಂದೆ ಹೋದ ಮೇಲೆ. ಬಿಗಿಯಾಗಿ ಹುರಿಗೊಳಿಸಿದ, ದುಂಡಗಿನ ನೂಲು ಬೇಕು. ಬಣ್ಣ ಸ್ವಲ್ಪ ತಿಳಿಯಾಗಿರಲಿ: ಬೆರಳಿಗೆ ಯಾವ ಬಣ್ಣವಾದರೂ ಒಂದೇ, ಆದರೆ ತಪ್ಪು ತಿದ್ದುವಾಗ ಸಂಜೆಯ ಬೆಳಕಿನಲ್ಲಿ ಕಪ್ಪು ನೂಲಿನ ಕುಣಿಕೆಗಳು ಕಾಣುವುದೇ ಇಲ್ಲ.

ಉಂಡೆಯ ಚೀಟಿಯಲ್ಲಿ ತೂಕ, ಉದ್ದ, ಕಡ್ಡಿಯ ಅಳತೆ, ಬಣ್ಣದ ತಂಡದ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ನೂಲುಗಳ ಗುರುತು) ಇರುತ್ತವೆ. 50 ಗ್ರಾಂಗೆ ಸುಮಾರು 110 ಮೀಟರ್ ಬರುವ ನೂಲು 4 ಮಿಲಿಮೀಟರ್ ಕಡ್ಡಿಗೆ ಸರಿಯಾಗಿ ಹೊಂದುತ್ತದೆ. ಹಳ್ಳಿಯಲ್ಲಿ ನೂಲು ಮುಗಿದರೆ ಮತ್ತೆ ಸಿಗುವುದು ಕಷ್ಟ, ಆದ್ದರಿಂದ ಒಂದುಂಡೆ ಹೆಚ್ಚಿಗೇ ಇಟ್ಟುಕೊಳ್ಳಿ. ಎಲ್ಲ ಉಂಡೆಗಳ ಮೇಲೂ ತಂಡದ ಸಂಖ್ಯೆ ಒಂದೇ ಇರಲಿ. ಬೇರೆ ಬೇರೆ ತಂಡದ ಬಣ್ಣದ ಸಣ್ಣ ವ್ಯತ್ಯಾಸ ಅಂಗಡಿಯ ದೀಪದಲ್ಲಿ ತಿಳಿಯುವುದಿಲ್ಲ, ಬಿಸಿಲಿಗೆ ಹಿಡಿದಾಗ ಪಟ್ಟೆಯಂತೆ ಎದ್ದು ಕಾಣುತ್ತದೆ.

ನೂಲು ಲಡಿಯಾಗಿ ಬಂದಿದ್ದರೆ ಅದನ್ನು ಉಂಡೆ ಸುತ್ತುವ ಕೆಲಸವೇ ಒಂದು ಮಧ್ಯಾಹ್ನದ ಸುಖ. ಒಬ್ಬರು ಲಡಿಯನ್ನು ಎರಡು ಕೈಗಳಿಗೆ ತೊಡಿಸಿಕೊಂಡು ಕೂರುತ್ತಾರೆ, ಇನ್ನೊಬ್ಬರು ಎದುರು ಕುಳಿತು ಸುತ್ತುತ್ತಾರೆ. ಹಿಡಿದವರ ಕೈಗಳು ನೂಲು ಬಿಚ್ಚಿದ ಕಡೆಗೆ ತಾವಾಗಿ ಎಡಕ್ಕೆ ಬಲಕ್ಕೆ ವಾಲುತ್ತವೆ. ಮೂರನೆಯವರು ಇದ್ದರೆ ಅವರು ಗಟ್ಟಿಯಾಗಿ ಓದಲಿ. ಸುತ್ತುವವರು ಒಂದು ಎಚ್ಚರ ವಹಿಸಬೇಕು: ಉಂಡೆಯ ಮೇಲೆ ಎರಡು ಬೆರಳು ಇಟ್ಟು, ಬೆರಳ ಮೇಲಿಂದಲೇ ನೂಲು ಸುತ್ತಿ ಆಮೇಲೆ ಬೆರಳು ಎಳೆದುಕೊಳ್ಳಬೇಕು. ಆಗ ಉಂಡೆ ಸಡಿಲವಾಗಿರುತ್ತದೆ. ಬಿಗಿಯಾಗಿ ಸುತ್ತಿದ ನೂಲು ವಾರಗಟ್ಟಲೆ ಎಳೆದುಕೊಂಡೇ ಇರುತ್ತದೆ, ಹೆಣೆದು ಒಗೆದ ಮೇಲೆ ಕುಗ್ಗುತ್ತದೆ.

ಕಡ್ಡಿ

ಎರಡು ತುದಿಗಳನ್ನು ಬಳುಕುವ ಎಳೆಯಿಂದ ಜೋಡಿಸಿದ ಕಡ್ಡಿ, ಅಂದರೆ ಸರ್ಕ್ಯುಲರ್ ಕಡ್ಡಿಯನ್ನೇ ತೆಗೆದುಕೊಳ್ಳಿ, 80 ಸೆಂಟಿಮೀಟರ್ ಉದ್ದದ್ದು. ಹಿಂದಕ್ಕೆ ಮುಂದಕ್ಕೆ ಹೆಣೆಯುವುದಕ್ಕೂ ಇದೇ ಒಳ್ಳೆಯದು. ಉದ್ದ ಕಡ್ಡಿಗಳ ಹಾಗೆ ಕುರ್ಚಿಯ ಕೈಗೆ ತಗುಲುವುದಿಲ್ಲ, ಹೆಣಿಗೆಯ ಭಾರ ಮಣಿಕಟ್ಟಿನ ಮೇಲಲ್ಲ, ಮಡಿಲಿನಲ್ಲಿ ಕೂರುತ್ತದೆ. ಪುಟ ತಿರುಗಿಸಲು ಒಂದು ಕೈ ಬಿಟ್ಟರೂ ಕಡ್ಡಿ ನೆಲಕ್ಕೆ ಬೀಳುವುದಿಲ್ಲ. ಓದುವವರಿಗೆ ಈ ಕೊನೆಯ ಗುಣವೇ ಮುಖ್ಯ.

ಲೋಹದ ಕಡ್ಡಿಯಲ್ಲಿ ಕುಣಿಕೆ ನುಣ್ಣಗೆ ಜಾರುತ್ತದೆ, ಬಿದಿರಿನದು ಹಿಡಿದುಕೊಳ್ಳುತ್ತದೆ. ಕಲಿಯುವ ತನಕ ಬಿದಿರೇ ಇರಲಿ. ಕೈ ತೀರ ಬೆವರುವ ದಿನ ಬಿದಿರಿನ ಮೇಲೆ ನೂಲು ಅಂಟಿದಂತಾಗುತ್ತದೆ, ಅದಕ್ಕೆ ಮಡಿಲಲ್ಲೊಂದು ಸಣ್ಣ ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಇಟ್ಟುಕೊಂಡರೆ ಆಯಿತು.

ಏನು ಹೆಣೆಯಬೇಕು

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಾನೂ ಎಡವಿದ್ದೇನೆ. ಒಂದು ಬೇಸಿಗೆಯಲ್ಲಿ ಎಲೆಗಳ ಜಾಲರಿ ವಿನ್ಯಾಸದ ಶಾಲನ್ನೂ ಒಂದು ಪತ್ತೇದಾರಿ ಕಾದಂಬರಿಯನ್ನೂ ಜೊತೆಗೆ ಹಿಡಿದೆ. ಪ್ರತಿ ಸಾಲಿಗೂ ಕೋಷ್ಟಕ ನೋಡಬೇಕು, ಎಣಿಸಬೇಕು. ಎಣಿಸುವಾಗ ಕಥೆಯ ಸುಳಿವು ತಪ್ಪಿತು, ಸುಳಿವು ಹುಡುಕಲು ಹಿಂದಿನ ಪುಟಕ್ಕೆ ಹೋದಾಗ ಎಣಿಕೆ ತಪ್ಪಿತು. ಮೂರು ದಿನದ ಹೆಣಿಗೆಯನ್ನು ಬಿಚ್ಚಿದೆ. ಅಂದಿನಿಂದ ಒಂದು ನಿಯಮ ಪಾಲಿಸುತ್ತೇನೆ: ಬೆರಳು ತಾನಾಗಿ ಓದಬಲ್ಲ ಹೆಣಿಗೆಯನ್ನು ಮಾತ್ರ ಪುಸ್ತಕದ ಜೊತೆ ಹಿಡಿಯುತ್ತೇನೆ.

ಎಲ್ಲ ಸಾಲುಗಳನ್ನೂ ಸೀದಾ ಹೆಣೆದದ್ದು ಅಂಥ ಹೆಣಿಗೆ. ಎರಡು ಸಾಲಿಗೊಂದು ಉಬ್ಬುಗೆರೆ ಏಳುತ್ತದೆ, ಎರಡು ಬದಿಯೂ ಒಂದೇ ರೀತಿ ಕಾಣುತ್ತದೆ, ಅಂಚು ಸುರುಳಿಯಾಗುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ನುಣುಪು ಬಟ್ಟೆ ಚೆಂದ ನಿಜ, ಆದರೆ ಅದರ ಅಂಚು ಸುರುಳಿ ಸುತ್ತುತ್ತದೆ, ಈಗ ಯಾವ ಸಾಲು ಎಂದು ನೋಡಬೇಕಾಗುತ್ತದೆ.

ಮೊದಲ ಕೆಲಸಕ್ಕೆ ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕವನ್ನು ಹಿಡಿಯಿರಿ. ಬಹಳ ಹಳೆಯ, ಬಹಳ ಜನ ಹೆಣೆದ ಕ್ರಮ ಇದು. ಇದರಲ್ಲಿ ಎಣಿಕೆಯೇ ಇಲ್ಲ.

ಕಡ್ಡಿಗೆ 4 ಕುಣಿಕೆ ಏರಿಸಿ ಒಂದು ಸಾಲು ಸೀದಾ ಹೆಣೆಯಿರಿ. ಮುಂದಿನ ಪ್ರತಿ ಸಾಲಿನಲ್ಲೂ ಮೊದಲ 2 ಕುಣಿಕೆ ಸೀದಾ ಹೆಣೆದು, ನೂಲನ್ನು ಬಲಗಡ್ಡಿಯ ಮೇಲೆ ಒಂದು ಸುತ್ತು ತಂದು, ಉಳಿದದ್ದನ್ನೆಲ್ಲ ಸೀದಾ ಹೆಣೆಯಿರಿ. ಆ ಸುತ್ತಿನಿಂದ ಸಾಲಿಗೊಂದು ಕುಣಿಕೆ ಹೆಚ್ಚುತ್ತದೆ, ಅಂಚಿನ ಉದ್ದಕ್ಕೂ ಸಣ್ಣ ತೂತುಗಳ ಸಾಲು ಮೂಡುತ್ತದೆ. ಬಟ್ಟೆ ತ್ರಿಕೋನವಾಗಿ ಅಗಲವಾಗುತ್ತ ಹೋಗುತ್ತದೆ. ಎಲ್ಲಿಯವರೆಗೆ? ಅಡುಗೆಮನೆಯ ತಕ್ಕಡಿಯಲ್ಲಿ ಉಂಡೆ ತೂಗಿ: 50 ಗ್ರಾಂ ಉಂಡೆಯಲ್ಲಿ 26 ಗ್ರಾಂ ಉಳಿದಾಗ ನಿಲ್ಲಿಸಿ. ಹೆಣೆದದ್ದಕ್ಕಿಂತ ಹೆಚ್ಚಾಗಿ ಉಳಿದ ಆ ಎರಡು ಗ್ರಾಂ ಕೊನೆಯಲ್ಲಿ ಮುಚ್ಚುವುದಕ್ಕೆ. ಇಲ್ಲಿಂದ ಮುಂದೆ ಪ್ರತಿ ಸಾಲಿನಲ್ಲೂ 1 ಕುಣಿಕೆ ಸೀದಾ, 2 ಕುಣಿಕೆ ಸೇರಿಸಿ ಒಂದಾಗಿ, ನೂಲು ಒಂದು ಸುತ್ತು, ಮತ್ತೆ 2 ಕುಣಿಕೆ ಸೇರಿಸಿ ಒಂದಾಗಿ, ಉಳಿದದ್ದು ಸೀದಾ. ಸಾಲಿಗೊಂದು ಕುಣಿಕೆ ಕಡಿಮೆಯಾಗುತ್ತ ಮತ್ತೆ 4 ಉಳಿದಾಗ ಸಡಿಲವಾಗಿ ಮುಚ್ಚಿ.

ಒಂದು ಉಂಡೆಗೆ ಕೈ ಒರೆಸುವ ಚೌಕವಾಗುತ್ತದೆ. ಏಳೆಂಟು ಉಂಡೆ ಇದ್ದರೆ ಕರ್ಣದ ಗುಂಟ ಮಡಚಿ ಹೆಗಲಿಗೆ ಹೊದೆಯುವಷ್ಟು ಆಗುತ್ತದೆ, ಆಗ ಎಲ್ಲ ನೂಲಿನ ಒಟ್ಟು ತೂಕದ ಅರ್ಧಕ್ಕೆ ತಿರುಗಬೇಕು, ಅಷ್ಟೇ.

ಈ ಚೌಕವನ್ನೇ ನಾನು ಹೇಳುವುದಕ್ಕೆ ಕಾರಣ ಆ ತೂತುಗಳು. ಸಾಲು ಮುಗಿಸಿ ತಿರುಗಿಸಿದಾಗ ಹೆಬ್ಬೆರಳನ್ನು ಅಂಚಿನ ಮೇಲೆ ಸವರಿದರೆ ಹಿಂದಿನ ತೂತು ಸಿಗುತ್ತದೆ. ಸಿಕ್ಕರೆ ಸರಿಯಾಗಿ ಬಂದಿದ್ದೀರಿ, ಸಿಗದಿದ್ದರೆ ಸುತ್ತು ಮರೆತಿದ್ದೀರಿ. ಕಣ್ಣು ಪುಟದಿಂದ ಏಳಬೇಕಾಗಿಯೇ ಇಲ್ಲ.

ಇದು ಕೈಗೆ ಬಂದ ಮೇಲೆ ಕಾಲುಚೀಲದ ಉದ್ದನೆಯ ಭಾಗ ಓದಿಗೆ ಒಳ್ಳೆಯದು, ಸುತ್ತಾಗಿ ಸೀದಾ ಮಾತ್ರ ಹೆಣೆಯುತ್ತ ಹೋದರಾಯಿತು. ಹಿಮ್ಮಡಿ ಬಂದಾಗ ಪುಸ್ತಕ ಮುಚ್ಚಿ.

ಬೆರಳಿಗೆ ಕಣ್ಣು ಬರಿಸುವುದು

ಒಂದು ವಾರ, ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲ ಎರಡು ದಿನ ಒಂದು ಸಾಲು ನೋಡಿ ಹೆಣೆಯಿರಿ, ಮುಂದಿನದನ್ನು ಕಣ್ಣು ಮುಚ್ಚಿ. ಎಡಗೈ ತೋರುಬೆರಳು ಏನು ಮಾಡುತ್ತಿದೆ ಎಂಬುದರ ಮೇಲೆ ಗಮನವಿಡಿ: ಅದು ಮುಂದಿನ ಕುಣಿಕೆಯನ್ನು ಮೊನೆಯ ಹತ್ತಿರಕ್ಕೆ ತಳ್ಳುತ್ತದೆ. ಬಲಗಡ್ಡಿ ಕುಣಿಕೆಯೊಳಗೆ ಹೋದಾಗ ಎರಡು ಕಡ್ಡಿಗಳು ಒಂದನ್ನೊಂದು ತಾಕಿದ್ದು ಕೈಗೆ ತಿಳಿಯುತ್ತದೆ. ನೂಲನ್ನು ಸೀಳಿದ್ದರೆ ಬೆಣೆ ಸಿಕ್ಕಿದ ಹಾಗೆ ಸಣ್ಣ ಅಡೆತಡೆ ಇರುತ್ತದೆ. ಈ ಎರಡು ಸ್ಪರ್ಶಗಳ ವ್ಯತ್ಯಾಸ ಗೊತ್ತಾದ ಗಳಿಗೆಗೆ ಕಲಿಕೆಯ ಮುಕ್ಕಾಲು ಪಾಲು ಮುಗಿಯಿತು.

ಆಮೇಲೆ ಕಣ್ಣು ತೆರೆದು ಬೇರೆಡೆ ನೋಡಿ, ಎದುರಿನ ಮರ, ಅಂಗಳದಲ್ಲಿ ಸರಿಯುವ ನೆರಳು. ಕಣ್ಣು ಮುಚ್ಚಿ ಹೆಣೆಯುವುದಕ್ಕಿಂತ ಇದು ಕಷ್ಟ, ಏಕೆಂದರೆ ಕಣ್ಣು ತೆರೆದಿದ್ದರೆ ಅದು ಕೈಯ ಕಡೆಗೇ ಇಳಿಯುತ್ತದೆ. ಇಳಿದರೆ ಇಳಿಯಲಿ, ಮತ್ತೆ ಎತ್ತಿ. ವಾರದ ಕೊನೆಗೆ ಹಿಂದೆ ಓದಿದ ಪುಸ್ತಕವೊಂದನ್ನು ಎದುರಿಗಿಡಿ. ನೂಲನ್ನು ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ ಎಂಬ ವಾದ ಹೆಣೆಯುವವರಲ್ಲಿ ಎಂದಿಗೂ ಮುಗಿಯುವುದಿಲ್ಲ. ನಿಮ್ಮ ಕೈಗೆ ರೂಢಿ ಯಾವುದೋ ಅದೇ ಸರಿ, ಓದಿಗಾಗಿ ಬದಲಿಸಬೇಡಿ.

ಪುಸ್ತಕ ಮತ್ತು ಕೂರುವ ಜಾಗ

ಪುಸ್ತಕ ತಾನಾಗಿ ತೆರೆದು ನಿಲ್ಲಬೇಕು. ಹೊಲಿದ ಗಟ್ಟಿ ರಟ್ಟಿನ ಪುಸ್ತಕಗಳು ನಿಲ್ಲುತ್ತವೆ, ಅಂಟು ಹಾಕಿದ ತೆಳು ರಟ್ಟಿನವು ಮುಚ್ಚಿಕೊಳ್ಳುತ್ತವೆ. ಅಂಥದಕ್ಕೆ ಉದ್ದ ಕಿರಿದಾದ ಬಟ್ಟೆಯ ಚೀಲವನ್ನು ಹೊಲಿದು, ಒಣಗಿದ ಮರಳು ತುಂಬಿ, ಬಾಯಿ ಮುಚ್ಚಿ ಪುಟಗಳ ಮೇಲೆ ಅಡ್ಡಲಾಗಿ ಮಲಗಿಸಿ. ಹಳೆಯ ಗ್ರಂಥಗಳನ್ನು ಕಾಪಾಡುವ ಗ್ರಂಥಾಲಯಗಳಲ್ಲೂ ಇಂಥ ಮೆತ್ತನೆಯ ತೂಕಗಳನ್ನೇ ಬಳಸುತ್ತಾರೆ, ಬೆನ್ನು ಮುರಿಯುವುದಿಲ್ಲ, ಕಾಗದಕ್ಕೆ ಗಾಯವಾಗುವುದಿಲ್ಲ. ವಾಲಿದ ಓದುಮಣೆ ಇದ್ದರೆ ಇನ್ನೂ ಒಳ್ಳೆಯದು, ಕತ್ತು ಬಗ್ಗುವುದಿಲ್ಲ. ಪರದೆಯ ಮೇಲೆ ಓದುವವರು ಅಕ್ಷರ ಒಂದು ಮೆಟ್ಟಿಲು ದೊಡ್ಡದು ಮಾಡಿಕೊಂಡು ಬೆರಳ ಗೆಣ್ಣಿನಿಂದ ಪುಟ ಸರಿಸಬಹುದು.

ಯಾವ ಪುಸ್ತಕ? ಪತ್ರಗಳು, ಪ್ರವಾಸದ ಬರಹಗಳು, ಆತ್ಮಕಥೆ, ನಿಧಾನಗತಿಯ ದೊಡ್ಡ ಕಾದಂಬರಿ ಇವೆಲ್ಲ ಹೆಣಿಗೆಗೆ ಚೆನ್ನಾಗಿ ಒಗ್ಗುತ್ತವೆ. ಉಸಿರು ಬಿಗಿಹಿಡಿದು ಓದುವ ಕಥೆಯಲ್ಲಿ ಒಂದು ತೊಡಕಿದೆ. ಮನಸ್ಸು ಬಿಗಿಯಾದರೆ ಕೈಯೂ ಬಿಗಿಯಾಗುತ್ತದೆ, ಕುಣಿಕೆ ಸಣ್ಣದಾಗುತ್ತದೆ. ನನ್ನ ತಿಳಿಹಸಿರು ಶಾಲಿನಲ್ಲಿ ಒಂದು ಗೇಣಿನಷ್ಟು ಉದ್ದ ಉಳಿದದ್ದಕ್ಕಿಂತ ಬೆರಳಗಲ ಕಿರಿದಾಗಿದೆ. ಒಂದು ಕೊಲೆ ಕಥೆಯ ಕೊನೆಯ ಅಧ್ಯಾಯಗಳನ್ನು ಓದುತ್ತ ಹೆಣೆದ ಭಾಗ ಅದು. ಶಾಲು ಹೊದ್ದಾಗ ಕೈ ಅಲ್ಲಿಗೆ ಹೋದರೆ ಆ ಮಧ್ಯಾಹ್ನ ಮರಳಿ ಬರುತ್ತದೆ, ಅದನ್ನು ಬಿಚ್ಚಲು ನನಗೆ ಇಷ್ಟವಿಲ್ಲ. ನಿಮಗೆ ಅಳತೆ ಮುಖ್ಯವಾಗಿದ್ದರೆ ಅಂಥ ಪುಟಗಳಲ್ಲಿ ಕಡ್ಡಿ ಕೆಳಗಿಡಿ.

ಕವಿತೆಯ ಜೊತೆ ಹೆಣೆಯುವ ಕ್ರಮವೇ ಬೇರೆ. ಒಂದು ಕವಿತೆಯನ್ನು ಕೈ ಖಾಲಿ ಇಟ್ಟುಕೊಂಡು ಎರಡು ಸಲ ಓದಿ, ಪುಸ್ತಕ ಮಗುಚಿ, ನಾಲ್ಕು ಸಾಲು ಹೆಣೆಯಿರಿ. ಹೆಣೆಯುತ್ತಿರುವಾಗ ಕವಿತೆಯ ಸಾಲುಗಳು ಒಂದೊಂದಾಗಿ ಹಿಂತಿರುಗುತ್ತವೆ. ನಾನು ಕವಿತೆಗಳನ್ನು ಬಾಯಿಪಾಠ ಮಾಡಿದ್ದೆಲ್ಲ ಹೀಗೆಯೇ.

ಕೂರಲು ನೆರಳು ಬೇಕು, ಬೆಳಕು ಎಡದಿಂದಲೋ ಬಲದಿಂದಲೋ ಬರಲಿ. ನೇರ ಬಿಸಿಲು ಇಬ್ಬರಿಗೂ ಶತ್ರು: ಕಾಗದದಲ್ಲಿನ ಲಿಗ್ನಿನ್ ಎಂಬ ಮರದ ಅಂಶ ಬಿಸಿಲಿಗೆ ಹಳದಿಗಟ್ಟುತ್ತದೆ, ನೂಲಿನ ಬಣ್ಣ ಮಾಸುತ್ತದೆ. ಉಂಡೆಯನ್ನು ಬಟ್ಟಲಿನಲ್ಲಿಡಿ, ಇಲ್ಲದಿದ್ದರೆ ಅಂಗಳಕ್ಕೆ ಉರುಳುತ್ತದೆ. ಅರ್ಧ ಗಂಟೆಗೊಮ್ಮೆ, ಕಥೆ ಎಷ್ಟೇ ರುಚಿಯಾಗಿದ್ದರೂ, ಎದ್ದು ಅಂಗೈ ಬಿಚ್ಚಿ ಹೆಗಲು ತಿರುಗಿಸಿ ಬನ್ನಿ.

ಜೊತೆಗೆ ಜನ ಇದ್ದರೆ

ಒಬ್ಬರು ಓದಿ ಉಳಿದವರು ಹೆಣೆಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುಖ. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಈ ಕ್ರಮ ಬಂತು: ಕೆಲಸಗಾರರು ಎಲೆ ಸುತ್ತುತ್ತಿದ್ದರೆ ಎತ್ತರದ ಪೀಠದಲ್ಲಿ ಕುಳಿತ ಓದುಗ ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದುತ್ತಿದ್ದ, ಅವನಿಗೆ ಸಂಬಳ ಕೊಡುತ್ತಿದ್ದವರು ಕೆಲಸಗಾರರೇ. ಕೈಗೆ ಕೆಲಸವಿದ್ದಾಗ ಕಿವಿ ಎಷ್ಟು ತೆರೆದಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ಅಧ್ಯಾಯಕ್ಕೊಬ್ಬರು ಓದಿ. ಓದುವ ಸರದಿ ಬಂದವರು ತಮ್ಮ ಹೆಣಿಗೆಯನ್ನು ಸಾಲು ಮುಗಿಸಿಯೇ ಇಡಬೇಕು, ಸಾಲಿನ ನಡುವೆ ಬಿಟ್ಟರೆ ಮರಳಿ ಬಂದಾಗ ಯಾವ ದಿಕ್ಕಿಗೆ ಹೋಗುತ್ತಿದ್ದೆವೆಂದು ತಿಳಿಯುವುದಿಲ್ಲ. ಯಾರೂ ಬಾಯಿಬಿಟ್ಟು ಎಣಿಸಬಾರದು. ಎಣಿಕೆ ಬೇಕಾದ ಹೆಣಿಗೆ ಹಿಡಿದವರು ಕಾಗದದ ಮೇಲೆ ಗೆರೆ ಹಾಕಿಕೊಳ್ಳಲಿ. ಕಣ್ಣು ಬಿಡುವಾಗಿರುವುದರಿಂದ ಜಾಲರಿ ವಿನ್ಯಾಸಕ್ಕೆ, ಹಿಮ್ಮಡಿಗೆ ಇದೇ ಸಮಯ. ಓದಲು ಯಾರೂ ಇಲ್ಲದ ದಿನ ಧ್ವನಿಪುಸ್ತಕ ಆ ಜಾಗ ತುಂಬುತ್ತದೆ.

ತಪ್ಪಾದಾಗ

ತಪ್ಪಾಗುತ್ತದೆ. ಕುಣಿಕೆಯೊಂದು ಜಾರಿದರೆ ಗಾಬರಿಯಿಂದ ಎಳೆಯಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುವುದರಿಂದ ಜಾರಿದ ಕುಣಿಕೆ ಅಲ್ಲೇ ತಡೆದು ನಿಲ್ಲುತ್ತದೆ, ಹತ್ತಿಯಲ್ಲಿ ಮಾತ್ರ ಸರಸರನೆ ಕೆಳಗಿಳಿಯುತ್ತದೆ. ತಕ್ಷಣ ಒಂದು ಪಿನ್ನು ಚುಚ್ಚಿ ಹಿಡಿಯಿರಿ. ನಾನಂತೂ ಪಿನ್ನು ಹಾಕಿ ಅಧ್ಯಾಯ ಮುಗಿಸಿಯೇ ದುರಸ್ತಿಗೆ ಕೂರುತ್ತೇನೆ.

ದುರಸ್ತಿಗೆ ಕ್ರೋಶಾ ಕಡ್ಡಿ ಬೇಕು. ಜಾರಿದ ಕುಣಿಕೆಯ ಮೇಲೆ ಏಣಿಯ ಮೆಟ್ಟಿಲುಗಳಂತೆ ಅಡ್ಡನೂಲುಗಳು ಕಾಣುತ್ತವೆ. ಕೊಕ್ಕೆಯನ್ನು ಕುಣಿಕೆಯೊಳಗೆ ತೂರಿಸಿ, ಅದರ ಮೇಲಿನ ಮೆಟ್ಟಿಲನ್ನು ಹಿಡಿದು ಕುಣಿಕೆಯ ಮೂಲಕ ಎಳೆಯಿರಿ. ಎಲ್ಲ ಸಾಲೂ ಸೀದಾ ಹೆಣೆದ ಬಟ್ಟೆಯಲ್ಲಿ ಒಂದು ಮೆಟ್ಟಿಲನ್ನು ಈ ಬದಿಯಿಂದ ಎತ್ತಿದರೆ ಮುಂದಿನದನ್ನು ಬಟ್ಟೆ ತಿರುಗಿಸಿ ಆ ಬದಿಯಿಂದ ಎತ್ತಬೇಕು. ಹಾಗೆ ಮಾಡದಿದ್ದರೆ ಉಬ್ಬುಗೆರೆಗಳ ನಡುವೆ ನುಣುಪಾದ ಒಂದು ಕಂಬ ಎದ್ದುನಿಲ್ಲುತ್ತದೆ.

ಬೇಸಿಗೆ ಮುಗಿದಾಗ

ಹೆಣೆದದ್ದನ್ನು ಊರಿಗೆ ಮರಳುವ ಮುನ್ನ ಒಗೆದುಬಿಡಿ. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರವಿ ಮೂಲೆಗಳನ್ನು ಕೈಯಿಂದ ಎಳೆದು ಸರಿಪಡಿಸಿ ನೆರಳಿನಲ್ಲಿ ಒಣಗಿಸಿ. ಉಣ್ಣೆಯಾದರೆ ಬಿಸಿನೀರು ಬೇಡ, ಉಜ್ಜುವುದು ಬೇಡ, ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಂತೆ ದಪ್ಪಗಟ್ಟಿ ಕುಗ್ಗುತ್ತದೆ.

ಉಣ್ಣೆ ತಿನ್ನುವುದು ಹಾರುವ ನುಸಿ ಅಲ್ಲ, ಅದರ ಮರಿಹುಳು. ಕೆರಟಿನ್ ಎಂಬ ಪ್ರೋಟೀನ್ ಇರುವ ಉಣ್ಣೆ ಅದರ ಆಹಾರ, ಹತ್ತಿಯನ್ನು ಮುಟ್ಟುವುದು ಕಡಿಮೆ. ಬೆವರು, ಮೈಯೆಣ್ಣೆ ಹತ್ತಿದ ಬಟ್ಟೆಯನ್ನು ಅದು ಮೊದಲು ಹುಡುಕುತ್ತದೆ, ಆದ್ದರಿಂದ ತೊಳೆಯದೆ ಎತ್ತಿಡಬೇಡಿ. ಸಂಶಯವಿದ್ದ ನೂಲನ್ನು ಬಿಗಿಯಾದ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಪುಸ್ತಕಕ್ಕೆ ಬೇರೆ ಹುಳು, ಅಂಟಿನಲ್ಲಿರುವ ಗಂಜಿಯನ್ನು ತಿನ್ನುವ, ತೇವ ಇಷ್ಟಪಡುವ ಬೆಳ್ಳಿಹುಳು. ಪುಟಗಳನ್ನು ನೆರಳಿನಲ್ಲಿ ಗಾಳಿಗೆ ಒಡ್ಡಿ, ದೂಳು ಕೊಡವಿ, ಒಣ ಜಾಗದಲ್ಲಿಡಿ.

ಉಳಿದ ತುಂಡು ನೂಲನ್ನು ಎಸೆಯಬೇಡಿ. ಸರ್ಕ್ಯುಲರ್ ಕಡ್ಡಿಗೆ 3 ಕುಣಿಕೆ ಏರಿಸಿ, ಸೀದಾ ಹೆಣೆದು, ಬಟ್ಟೆಯನ್ನು ತಿರುಗಿಸದೆ ಕುಣಿಕೆಗಳನ್ನು ಇನ್ನೊಂದು ತುದಿಗೆ ಸರಿಸಿ ಮತ್ತೆ ಸೀದಾ ಹೆಣೆಯಿರಿ. ಹಿಂದಿನಿಂದ ಬರುವ ನೂಲನ್ನು ಪ್ರತಿ ಸಲ ಬಿಗಿಯಾಗಿ ಎಳೆದರೆ ದುಂಡಗಿನ ದಾರ ಇಳಿಯುತ್ತದೆ. ಪುಸ್ತಕದ ಎತ್ತರಕ್ಕಿಂತ ನಾಲ್ಕು ಬೆರಳು ಉದ್ದವಾದಾಗ ಮುಚ್ಚಿ, ಆ ಬೇಸಿಗೆ ಓದಿದ ಪುಸ್ತಕದೊಳಗೆ ಇಡಿ. ನೂಲಿನ ಚೀಟಿಯನ್ನೂ ಕೊನೆಯ ಪುಟದಲ್ಲಿ ಸೇರಿಸಿ, ಅದರ ಹಿಂದೆ ಪೆನ್ಸಿಲಿನಲ್ಲಿ ತಿಂಗಳು, ವರ್ಷ, ಏನು ಹೆಣೆದಿರಿ ಎಂದು ಬರೆಯಿರಿ. ನನ್ನ ಕಪಾಟಿನಲ್ಲಿ ಅಂಥ ಹದಿನಾರು ಪುಸ್ತಕಗಳಿವೆ, ಹದಿನೇಳನೆಯದು ಈಗ ಮರಳುಚೀಲದ ಕೆಳಗೆ ತೆರೆದು ಮಲಗಿದೆ.